ನಳ ಉಸಿರೆಳೆದ ಶ್ರಾವಣ

ಅಕ್ಕಲಕೋಟೆಯ ಹೊರಕೇರಿಗೆ ನೀರಿನ ನಳ ಬಂದದ್ದು ಸಂಸ್ಥಾನ ಹೋಗಿ ನಾಲ್ಕೈದು ವರ್ಷಗಳಾದ ಮೇಲೆ. ಅದಕ್ಕೆ ಮೊದಲು ಪುತಳಾಬಾಯಿ ದಿನಾ ಬೆಳಿಗ್ಗೆ ಊರ ಬಾವಿಯ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದಳು. ಅವರ ಜನ ಕಟ್ಟೆ ಹತ್ತುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಅರ್ಧ ಕೊಡಕ್ಕೆ, ಅರ್ಧ ಸೀರೆಗೆ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಹೊತ್ತು ನೆತ್ತಿಗೇರುವ ತನಕ ನಿಂತು ಬರಿಗೊಡ ಹೊತ್ತು ತಿರುಗಿ ಬಂದಿದ್ದಳು. ಅತ್ತೆ ಗುರುಬಾಯಿ ಬರಿಗೊಡ ಇಳಿಸಿಕೊಂಡಳು. ಅಂದು ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದಲಿಲ್ಲ, ಅಷ್ಟೆ.

ಹಾಗಾಗಿ ಮುನಸಿಪಾಲ್ಟಿಯ ಆಳುಗಳು ಪೇಟೆಯಿಂದ ಕೊಳವೆ ಹೂಳುತ್ತ ಕೇರಿಯ ದಿನ್ನೆ ಹತ್ತಿ ಬಂದಾಗ ಪುತಳಾಬಾಯಿ ಕೂಲಿ ಬಿಟ್ಟು ಅದನ್ನೇ ನೋಡುತ್ತ ಕೂತಳು. ಬೇವಿನ ಮರದ ಬುಡದಲ್ಲಿ ಒಂದು ಕಲ್ಲಿನ ಕಂಬ ನಿಂತಿತು. ಕಂಬದ ಎದೆಯಿಂದ ಹಿತ್ತಾಳೆಯ ನಳ ಹೊರಬಂತು. ಮೊದಲ ದಿನ ನೀರು ಬಂದಾಗ ಹೆಂಗಸರು ಕೊಡ ಹಿಡಿಯುವುದನ್ನೇ ಮರೆತು ಕೈಯೊಡ್ಡಿ ನಿಂತಿದ್ದರು. ಅಂದಿನಿಂದ ನಳದ ಸುತ್ತ ಕಸ ಹೊಡೆಯುವವಳು, ಸರದಿ ತಪ್ಪಿಸಿದವರ ಜೊತೆ ಜಗಳಕ್ಕೆ ನಿಲ್ಲುವವಳು ಪುತಳಾಬಾಯಿಯೇ. ಅವಳ ಗಂಡ ಜಟ್ಟೆಪ್ಪ ಸೊಲ್ಲಾಪುರದ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದ. ಸುಟ್ಟಿಯ ದಿನ ಊರಿಗೆ ಬಂದಾಗ ನಗುತ್ತಿದ್ದ: “ನನಗಿಂತ ನಿನಗ ಆ ಕಂಬದ ಮ್ಯಾಲಽ ಜೀವ.”

ನಳದಲ್ಲಿ ಒಂದು ಗುಣವಿತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬಂದು ನಿಲ್ಲುತ್ತಿತ್ತು. ನಿಂತ ಮೇಲೆ ಅದು ಉಸಿರೆಳೆಯುತ್ತಿತ್ತು. ಹೊರಗೆ ಬಿಡುವ ಉಸಿರಲ್ಲ, ಒಳಗೆ ಎಳೆದುಕೊಳ್ಳುವ ಉಸಿರು. ಮುದುಕರು ಉಬ್ಬಸದಲ್ಲಿ ಎಳೆದಂತೆ, ಉದ್ದಕ್ಕೆ, ತಡೆತಡೆದು. ಪುತಳಾಬಾಯಿ ಒಮ್ಮೆ ನಳದ ಬಾಯಿಗೆ ಅಂಗೈ ಒಡ್ಡಿದಳು. ಕರು ಬೆರಳು ಚೀಪಿದ ಹಾಗೆ ನಳ ಅವಳ ಅಂಗೈಯನ್ನು ಹಿಡಿದು ಎಳೆಯಿತು. ಕಿತ್ತುಕೊಂಡಾಗ ಅಂಗೈಯ ಮೇಲೆ ಕೆಂಪಗೆ ಒಂದು ಬಳೆಯ ಗುರುತು ಮೂಡಿತ್ತು.

ಗುರುಬಾಯಿಗೆ ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕು. ಹೊಸ್ತಿಲಲ್ಲಿ ಕೂತಲ್ಲಿಂದಲೇ ಆ ಸದ್ದು ಅವಳಿಗೆ ಕೇಳುತ್ತಿತ್ತು.

“ಪುತಳಾ, ಕೊಡೂದು ಮುಗಿದ ಮ್ಯಾಲ ಅದು ಏನ ಒಳಗ ತಗೊಳ್ಳಾಕತ್ತದ?”

“ಗಾಳಿ ಅತ್ತಿ. ಬರೇ ಗಾಳಿ.”

“ಗಾಳಿಗೆ ಇಷ್ಟು ಹಸಿವಿ ಇರಂಗಿಲ್ಲವಾ,” ಎಂದಳು ಮುದುಕಿ.

ಪಕ್ಕದ ಮನೆಯಲ್ಲಿ ಅಂಜನಾಬಾಯಿ ಎಂಬ ವಿಧವೆ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಸಕ್ಕು. ಪುತಳಾಬಾಯಿಗೆ ಮಕ್ಕಳಿರಲಿಲ್ಲ, ಸಕ್ಕುವಿನ ತಲೆ ಬಾಚಿ ಜಡೆ ಹಾಕುವ ಕೆಲಸವನ್ನು ಯಾರೂ ಹೇಳದೆಯೇ ತನ್ನದು ಮಾಡಿಕೊಂಡಿದ್ದಳು. ಜಟ್ಟೆಪ್ಪ ಗಿರಣಿಯಿಂದ ಬಣ್ಣದ ಚಿಂದಿ ನೂಲು ತಂದುಕೊಡುತ್ತಿದ್ದ. ಆ ಸಲ ತಂದದ್ದು ನವಿಲುಗರಿಯ ಬಣ್ಣದ್ದು. ಅಂಥ ಬಣ್ಣ ಅಕ್ಕಲಕೋಟೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಸಕ್ಕು ಆ ನೂಲು ಹೆಣೆದ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಕೇರಿಯಲ್ಲಿ ಅದನ್ನು ನೋಡದವರು ಯಾರೂ ಉಳಿಯದಂತೆ ತಿರುಗಿದಳು.

ಐವತ್ತೈದರ ಶ್ರಾವಣದಲ್ಲಿ ಮಳೆ ಹಿಡಿಯಿತು. ಕೇರಿಯ ಗಟಾರ ತುಂಬಿ ದಿನ್ನೆಯ ಇಳಿಜಾರಿನಲ್ಲಿ ಹರಿಯತೊಡಗಿತು. ಸಕ್ಕು ಒಂದು ಬೆಳಿಗ್ಗೆ ವಾಂತಿ ಮಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಒಳಗೆ ಹೋಗಿ ಬೆರಳ ತುದಿ ನೆರಿಗೆಗಟ್ಟಿದ್ದವು. ನೀರು, ನೀರು ಎಂದು ಕೇಳಿದಳು. ಅಂಜನಾಬಾಯಿ ಬಟ್ಟೆ ಒಗೆಯುವುದರಲ್ಲಿ ಮುಳುಗಿದ್ದಳು, ಒಗೆದಷ್ಟೂ ಮತ್ತೆ ಹೊಲಸಾಗುತ್ತಿದ್ದವು. ನೀರು ಕುಡಿಸಿದವಳು ಪುತಳಾಬಾಯಿ. ಅದೇ ಬೆಳಿಗ್ಗೆ ನಳದಿಂದ ಹಿಡಿದ ನೀರು, ತಂಬಿಗೆ ತಂಬಿಗೆ. ಹುಡುಗಿ ಕುಡಿದದ್ದೆಲ್ಲ ಹೊರಗೆ ಬರುತ್ತಿತ್ತು, ಮತ್ತೆ ಕೇಳುತ್ತಿದ್ದಳು. ಮರುದಿನ ದೀಪ ಹಚ್ಚುವ ಹೊತ್ತಿಗೆ ಕೇಳುವುದು ನಿಂತಿತು.

ಮೈ ತೊಳೆಯುವಾಗ ಅಂಜನಾಬಾಯಿ ಮಗಳ ಜಡೆ ಬಿಚ್ಚಿ ಬಾಚಿದಳು. ಉದುರಿದ ಕೂದಲು, ನವಿಲುಬಣ್ಣದ ನೂಲು, ತೊಳೆದ ನೀರು ಎಲ್ಲ ಬಾಗಿಲ ಮುಂದಿನ ಗಟಾರಕ್ಕೆ ಹೋದವು. ಯಾರ ಮನೆಯದು ಏನಿದ್ದರೂ ಹೋಗುತ್ತಿದ್ದುದು ಅಲ್ಲಿಗೇ.

ಆಮೇಲೆ ಕೇರಿಯಲ್ಲಿ ಇನ್ನಿಬ್ಬರು ಹಾಸಿಗೆ ಹಿಡಿದರು, ಒಬ್ಬ ಹೋದ. ಜನ ಬೇನೆಯ ದೇವಿ ಮರಿಯಾಯಿ ಬಂದಳೆಂದರು. ಬೇವಿನ ಸೊಪ್ಪು ಬಾಗಿಲುಗಳಿಗೆ ಏರಿತು. ಹಗಲಿನಲ್ಲೂ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಆಯಿಗೆ ಹೆಸರು ಗೊತ್ತಾಗುತ್ತದೆಂದು ಮಕ್ಕಳನ್ನು ಸನ್ನೆಯಿಂದ ಕರೆಯುತ್ತಿದ್ದರು. ಆ ಮೌನದಲ್ಲಿ ನಳದ ಉಸಿರು ಕೇರಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಪುತಳಾಬಾಯಿ ಮೊದಲ ಕೊಡ ಇಟ್ಟಳು. ನಳ ಕೆಮ್ಮಿತು, ಕಂದು ನೀರು ಉಗುಳಿತು, ನಿಂತಿತು. ಮತ್ತೆ ಬಂದಾಗ ಅದರ ಬಾಯಲ್ಲಿ ಏನೋ ಜೋತುಬಿದ್ದಿತ್ತು. ಹಿಡಿದು ಎಳೆದಳು. ಉದ್ದನೆಯ ಕಪ್ಪು ಕೂದಲು, ಎಳೆದಷ್ಟೂ ಬಂತು. ಅದರ ಜೊತೆ ಹೆಣೆದುಕೊಂಡು ಒಂದು ಎಳೆ ನೂಲು. ನೀರಿನಲ್ಲಿ ತೊಳೆದಾಗ ಬಣ್ಣ ಕಂಡಿತು, ನವಿಲುಗರಿಯ ಬಣ್ಣ.

ಹಿಂದೆ ನಿಂತ ಹೆಂಗಸರು ನೋಡಿದರು. ಯಾರೂ ಕಿರುಚಲಿಲ್ಲ. ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಹಿಂದೆ ಸರಿದರು. ಅಂಜನಾಬಾಯಿ ಮಾತ್ರ ಮುಂದೆ ಬಂದು, ಹರಿಯುವ ನೀರಿನ ಕೆಳಗೆ ಎರಡೂ ಕೈ ಹಿಡಿದಳು.

“ಅಕಿ ಒಳಗ ಅದಾಳ,” ಎಂದಳು ಶಾಂತವಾಗಿ. “ನೀರಡಿಸಿ ಹೋದಕಿ. ನೀರಿಗೇ ಹೋಗ್ಯಾಳ.”

ಅಂದಿನಿಂದ ಅವಳು ನಳದ ಬಳಿಯೇ ಕೂತಳು. ನೀರು ಬಂದಾಗ ಕುಡಿದಳು, ನಿಂತಾಗ ಕಂಬಕ್ಕೆ ಕಿವಿಯಿಟ್ಟು ಮಾತಾಡಿದಳು. ಜನ ಕಂಬಕ್ಕೆ ಕುಂಕುಮ ಹಚ್ಚಿದರು, ಬುಡದಲ್ಲಿ ನಿಂಬೆಹಣ್ಣು ಇಟ್ಟರು. ಹೆದರಿದರು, ಆದರೆ ಒಂದೆರಡು ದಿನ ಬಿಟ್ಟು ಮತ್ತೆ ನೀರು ಹಿಡಿದರು. ಬೇರೆ ನೀರು ಎಲ್ಲಿತ್ತು?

ಪುತಳಾಬಾಯಿಯೂ ಹೆದರಿದ್ದಳು. ಆದರೆ ಆ ನೂಲನ್ನು ಜಡೆಗೆ ಹೆಣೆದವಳು ಅವಳು, ಅದು ಗಟಾರಕ್ಕೆ ಬಿದ್ದದ್ದನ್ನು ನೋಡಿದವಳೂ ಅವಳೇ. ಗಟಾರಕ್ಕೆ ಬಿದ್ದದ್ದು ನಳಕ್ಕೆ ಹೇಗೆ ಬಂತು ಎಂಬ ಒಂದೇ ಮಾತು ತಲೆಯಲ್ಲಿ ತಿರುಗತೊಡಗಿತು. ಮರುದಿನ ಕೊಡಗಳು ತುಂಬಿದ ಮೇಲೆ ಅವಳು ಗಟಾರದ ಗುಂಟ ದಿನ್ನೆ ಇಳಿದಳು.

ಅರ್ಧ ಇಳಿಜಾರಿನಲ್ಲಿ ಜಾಲಿಗಿಡದ ಕೆಳಗೆ ಗಟಾರ ಒಂದು ಗುಂಡಿಯಾಗಿ ನಿಂತಿತ್ತು. ಕೊಳವೆ ಹೂಳಿದ ಸಾಲು ಆ ಗುಂಡಿಯ ಕೆಳಗಿನಿಂದಲೇ ಹೋಗುತ್ತಿತ್ತು. ಆಳುಗಳು ಅಲ್ಲಿ ಅಗೆದದ್ದು ಅವಳಿಗೆ ನೆನಪಿತ್ತು. ಬಿಸಿಲಿರಲಿಲ್ಲ, ಗಾಳಿ ಇರಲಿಲ್ಲ. ಗುಂಡಿಯ ಮೇಲೆ ಬೂದು ಕೆನೆ ಕಟ್ಟಿತ್ತು, ಅದರ ಮೇಲೆ ಒಂದು ಬೇವಿನ ಎಲೆ. ಅವಳು ನೋಡುತ್ತ ನಿಂತಳು. ಮೇಲೆ ಕೇರಿಯಲ್ಲಿ ನಳ ನಿಂತಿರಬೇಕು. ಎಲೆ ಮೆಲ್ಲಗೆ ಸುತ್ತತೊಡಗಿತು. ಸುತ್ತು ಬಿಗಿಯಾಯಿತು, ಕೆನೆ ಹರಿದು ನಡುವೆ ಒಂದು ಕರಿಯ ತೂತು ಬಿತ್ತು. ಎಲೆ ಅದರೊಳಗೆ ಇಳಿದುಹೋಯಿತು. ಅದರ ಹಿಂದೆ ಆ ಸದ್ದು ಬಂತು, ಉದ್ದಕ್ಕೆ, ತಡೆತಡೆದು, ಒಳಗೆ ಎಳೆಯುವ ಉಸಿರು. ಗುಂಡಿಯ ನೀರು ಅವಳ ಕಣ್ಣ ಮುಂದೆಯೇ ಗೇಣು ಕೆಳಗೆ ಇಳಿಯಿತು.

ತಾನು ಸಕ್ಕುವಿಗೆ ತಂಬಿಗೆ ತಂಬಿಗೆ ಕುಡಿಸಿದ್ದು ಏನೆಂದು ಅವಳಿಗೆ ಈಗ ತಿಳಿದಿತ್ತು.

ಅಂದು ಜಟ್ಟೆಪ್ಪ ಊರಲ್ಲಿದ್ದ. ಅವಳು ಅವನನ್ನು ಕರೆದೊಯ್ದು ಗುಂಡಿ ತೋರಿಸಿದಳು. ಅವನು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ.

“ಇದನ್ನ ಯಾರ ಮುಂದೂ ಹೇಳಬ್ಯಾಡ,” ಎಂದ.

“ಯಾಕ?”

“ನಮ್ಮ ಗಟಾರ ಪೇಟಿ ಕೊಳವಿಗೆ ಕೂಡೇದ. ಇದು ಗೊತ್ತಾದರ ಕೊಳವಿ ನೆಟ್ಟಗ ಮಾಡಂಗಿಲ್ಲ ಅವರು. ನಮ್ಮ ನಳಾನೇ ಕಿತ್ತು ಒಗೀತಾರ. ‘ಇವರ ಹೊಲಸು ನಮ್ಮ ಬಾಯಿಗೆ ಬಂತು’ ಅಂತಾರ. ಮತ್ತ ನೀ ಬಾವಿ ಕೆಳಗ ನಿಂದರತಿ ಏನು?”

“ಹೇಳದಿದ್ದರ?”

ಜಟ್ಟೆಪ್ಪ ದಿನ್ನೆ ಹತ್ತತೊಡಗಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ ಜಟ್ಟೆಪ್ಪ ಎಸ್.ಟಿ. ಹತ್ತಿ ಸೊಲ್ಲಾಪುರಕ್ಕೆ ಹೋದ ಮೇಲೆ ಅವಳು ಜಾಲಿಯ ಮುಳ್ಳು ಕಡಿದು ತಂದಳು. ನಳದ ಬಾಯಿಗೆ ಗೋಣಿ ತಾಟು ಬಿಗಿದು, ಅದರ ಮೇಲೆ ಮುಳ್ಳು ಸುತ್ತಿ ಹಗ್ಗ ಕಟ್ಟಿದಳು. ಹೆಂಗಸರು ಸುತ್ತ ನಿಂತರು. ಅವಳು ಗುಂಡಿಯ ಸಂಗತಿ ಹೇಳಿದಳು. ಕೆಲವರು ನಂಬಿದರು, ಕೆಲವರು ಮುಖ ತಿರುಗಿಸಿದರು. ಅಂಜನಾಬಾಯಿ ಬರಿಗೈಯಿಂದ ಮುಳ್ಳು ಕೀಳತೊಡಗಿದಳು.

“ನನ್ನ ಮಗಳ ಬಾಯಿ ಕಟ್ಟೀ ಏನ ಅಕ್ಕಾ?”

“ಅಲ್ಲಿ ಸಕ್ಕು ಇಲ್ಲ ಅಂಜನಾ. ಅಕಿ ಬ್ಯಾನಿ ಅದ ಅಲ್ಲಿ.”

“ನೀನಽ ಕುಡಿಸಿದಿ. ಈಗ ನೀನಽ ಕಟ್ಟತಿ.”

ಪುತಳಾಬಾಯಿ ಅಂಜನಾಬಾಯಿಯ ಎರಡೂ ಮುಂಗೈ ಹಿಡಿದು, ನೆತ್ತರಾದ ಬೆರಳುಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ನಿಂತಳು. ಮುಳ್ಳಿನ ಒಳಗಿಂದ ನಳ ಗೋಣಿಯನ್ನು ಎಳೆಯುತ್ತಿತ್ತು. ಗೋಣಿ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತಿತ್ತು.

ಆ ದಿನಗಳಲ್ಲಿ ಪಟಕಿ, ಆ ವಾಂತಿಭೇದಿಯ ಬೇನೆ, ಪೇಟೆಗೂ ಹಬ್ಬಿತ್ತು; ಸೂಜಿ ಹಾಕಲು ಸೊಲ್ಲಾಪುರದಿಂದ ಆರೋಗ್ಯ ಖಾತೆಯ ಒಬ್ಬ ಇನ್‌ಸ್ಪೆಕ್ಟರ ಬಂದು ಚಾವಡಿಯಲ್ಲಿ ಇಳಿದಿದ್ದರು. ತುಕಾರಾಮ ಎಂದು ಹೆಸರು. ಮರಾಠಿಯವರು, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಪುತಳಾಬಾಯಿ ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಎಲ್ಲ ಹೇಳಿದಳು: ಉಸಿರು, ಕೂದಲು, ನೂಲು, ಸುತ್ತಿದ ಎಲೆ. ಅವರು ನಗಲಿಲ್ಲ.

“ಖರೇ ಏನ್ ಬಾಯಿ? ನೀರು ಕೆಳಗೆ ಇಳಿದದ್ದು ನೀವು ಕಣ್ಣಾರೆ ಕಂಡ್ರಿ?”

“ಕಂಡೀನ್ರಿ ಸಾಹೇಬ್ರ. ಆದರ ನಮ್ಮ ನಳ ಕೀಳಬ್ಯಾಡ್ರಿ.”

“ಅದು ನನ್ನ ಕೈಯಾಗ ಇಲ್ಲ,” ಎಂದರು ಅವರು. “ಸುಳ್ಳು ಭರವಸಾ ಕೊಡಂಗಿಲ್ಲ. ಆದರ ನಡೀರಿ, ನೋಡೋಣ.”

ಬಾವಿಗಳಿಗೆ ಹಾಕಲು ತಂದಿದ್ದ ಕೆಂಪು ಔಷಧದ ಡಬ್ಬಿಗಳು ಅವರ ಬಳಿ ಇದ್ದವು. ಮರುದಿನ ನೀರು ನಿಲ್ಲುವ ಹೊತ್ತಿಗೆ ಮುನಸಿಪಾಲ್ಟಿಯ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಬಣ್ಣ ಎಲ್ಲಿ ಹೊರಡುತ್ತದೆಂದು ನೋಡಲು ಗುಂಡಿಗೆ ಒಂದು ಡಬ್ಬಿ ಪೂರ್ತಿ ಸುರಿದರು. ಗುಂಡಿ ನೇರಳೆ ಬಣ್ಣಕ್ಕೆ ತಿರುಗಿತು. ಆಮೇಲೆ ತೂತು ತೆರೆದು ಎಲ್ಲವನ್ನೂ ಕುಡಿಯಿತು. ಮುನಸಿಪಾಲ್ಟಿಯವರಲ್ಲಿ ಒಬ್ಬ ಆ ಸದ್ದು ಕೇಳಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಮರುಬೆಳಿಗ್ಗೆ ಕೇರಿಯ ನಳದಲ್ಲಿ ಮುಳ್ಳಿನ ಸಂದಿಯಿಂದ ಕೆಂಪು ಹನಿಗಳು ತೊಟ್ಟಿಕ್ಕಿದವು. ಅದು ಪುತಳಾಬಾಯಿ ನಿರೀಕ್ಷಿಸಿದ್ದೇ. ಪೇಟೆಯವರು ನಿರೀಕ್ಷಿಸಿರಲಿಲ್ಲ. ಕಾಯಿಪಲ್ಲೆ ಬಜಾರಿನ ನಳದಲ್ಲಿ, ಅದರ ಕೆಳಗಿನ ಓಣಿಯ ನಳದಲ್ಲಿ, ದೊಡ್ಡ ಮನೆಗಳ ಅಂಗಳದ ನಳಗಳಲ್ಲಿ ನೀರು ಕೆಂಪಾಗಿ ಬಂತು. ತಾಮ್ರದ ಹಂಡೆಗಳಲ್ಲಿ ಅದು ನೆತ್ತರಿನಂತೆಯೇ ಕಾಣುತ್ತಿತ್ತು. ಬಜಾರು ಆ ದಿನ ತೆರೆಯಲಿಲ್ಲ. ಕೇರಿಯ ದಿನ್ನೆಯ ಮೇಲಿಂದ ಪುತಳಾಬಾಯಿ ನೋಡಿದಳು. ಬೀದಿಗಳಲ್ಲಿ ಜನ ತಂಬಿಗೆ ಹಿಡಿದು ನಿಂತಿದ್ದರು. ಯಾರೂ ಚೆಲ್ಲುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ.

ಜಟ್ಟೆಪ್ಪ ಹೇಳಿದಂತೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಚಾವಡಿಯ ಮುಂದೆ ಪೇಟೆ ನೆರೆದು, ಕೇರಿಯ ನಳ ಕಡಿಯಿರಿ ಎಂದಿತು. ತುಕಾರಾಮರು ಕೊಳವೆಯನ್ನು ಗಟಾರದೊಳಗೆ ಹೂಳಿದ ಗುತ್ತೇದಾರನ ಮೇಲೆ ತಪ್ಪು ಹೊರಿಸಿ ಮಾತಾಡಿದರು. ಕೇಳಿದವರು ಕಡಿಮೆ.

ಗುಂಡಿ ಅಗೆದರು. ಎರಡು ಕೊಳವೆ ಕೂಡುವಲ್ಲಿ ಸೀಸ ತುಂಬಬೇಕಿದ್ದ ಜಾಗದಲ್ಲಿ ಗೋಣಿಯ ನಾರು ತುರುಕಿದ್ದರು. ಅದು ಕೊಳೆತು, ಒಂದು ಕೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ಒಳಗೆ ಜಾಲಿಯ ಬೇರು, ಬೇರಿಗೆ ಸುತ್ತಿಕೊಂಡು ಕೂದಲು. ಎಷ್ಟೋ ಹೆಂಗಸರ ಕೂದಲು, ಕಪ್ಪು, ನರೆ, ಎಲ್ಲ ಒಂದಾಗಿ ಹಸುಗೂಸಿನ ತಲೆಯಷ್ಟು ದಪ್ಪದ ಉಂಡೆ. ಅದರ ನಡುವೆ ಸಕ್ಕುವಿನ ನೂಲಿನ ಉಳಿದ ಎಳೆ.

ಅಂಜನಾಬಾಯಿ ಯಾರೂ ಕರೆಯದೆ ದಿನ್ನೆ ಇಳಿದು ಬಂದಿದ್ದಳು. ಅಗೆಯುವವರ ನಡುವೆ ಬಂದು ಕೈ ಚಾಚಿದಳು. ತುಕಾರಾಮರು ಆ ನೂಲನ್ನು ಬಿಡಿಸಿ, ಔಷಧದ ನೀರಿನಲ್ಲಿ ಅದ್ದಿ, ಕಡ್ಡಿಯಿಂದ ಎತ್ತಿ ಅವಳ ಕೈಗಿಟ್ಟರು. ನವಿಲುಬಣ್ಣ ಹೋಗಿ ಅದು ಕಂದು ಎಳೆಯಾಗಿತ್ತು.

ಅವಳು ಕೊಳವೆಯ ತೂತಿನೊಳಗೆ ಬಗ್ಗಿ ನೋಡಿದಳು.

“ಇಷ್ಟಽ ಏನು?” ಎಂದು ಕೇಳಿದಳು.

“ಇಷ್ಟಽ ಅಂಜನಾ,” ಎಂದಳು ಪುತಳಾಬಾಯಿ. ಹುಡುಗಿ ಸತ್ತಂದು ಅಳದ ಅಂಜನಾಬಾಯಿ ಅಂದು ಅತ್ತಳು.

ಕೊಳವೆಯನ್ನು ಕತ್ತರಿಸಿ ಕೇರಿಯ ಕಡೆಯ ಬಾಯಿಗೆ ಸೀಸ ಹೊಯ್ದರು. ಹೊಸ ಸಾಲು ಬೇಗ ಹಾಕುತ್ತೇವೆಂದು ಮುನಸಿಪಾಲ್ಟಿ ಹೇಳಿತು. ಪೇಟೆಯಲ್ಲಿ ಬೇನೆ ನಿಂತಿತು. ಕೇರಿಯಲ್ಲೂ ನಿಂತಿತು. ನೀರೂ ನಿಂತಿತು.

ಬಾವಿಗೆ ಮೊದಲು ಹೋದವಳು ಪುತಳಾಬಾಯಿ. ಕಟ್ಟೆ ಹತ್ತಬಾರದೆನ್ನುವುದು ಅಪರಾಧವೆಂದು ಅದೇ ವರ್ಷ ಕಾಯ್ದೆ ಜಾರಿಗೆ ಬಂದಿತ್ತು. ಜಟ್ಟೆಪ್ಪ ಗಿರಣಿಯ ಜನರಿಂದ ಕೇಳಿ ಹೇಳಿದ್ದ. ಅವಳು ತನ್ನದೇ ಹಗ್ಗ ಹಿಡಿದು ಮೆಟ್ಟಿಲು ಹತ್ತಿದಳು. ಮೇಲೆ ಸುಗಲಾಬಾಯಿ ಎಂಬ ರೈತರ ಮನೆಯ ಹೆಂಗಸು ನೀರು ಸೇದುತ್ತಿದ್ದಳು. ಹಿಂದಿನ ದಿನಗಳಲ್ಲಿ ಮೇಲಿನಿಂದ ನೀರು ಸುರಿದವರಲ್ಲಿ ಅವಳೂ ಒಬ್ಬಳು. ಸುಗಲಾಬಾಯಿ ಬೈಯಲಿಲ್ಲ. ಹಗ್ಗ ಸುತ್ತಿಕೊಂಡು, ಅರ್ಧ ತುಂಬಿದ ಕೊಡ ಎತ್ತಿ ಕೆಳಗಿಳಿದು ದೂರ ನಿಂತಳು. ಉಳಿದವರೂ ಇಳಿದರು. ಅಷ್ಟು ಜನ ನಿಂತಿದ್ದರೂ ಪುತಳಾಬಾಯಿ ಸೇದುತ್ತಿದ್ದ ರಾಟೆಯ ಕಿರ್ರೆನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಬೈಗುಳಕ್ಕೆ ಅವಳ ಬಳಿ ಉತ್ತರವಿತ್ತು, ಅದು ಬೇಕಾಗಲಿಲ್ಲ. ಕೊಡ ತುಂಬಿಕೊಂಡು ಇಳಿದಳು. ಮರುದಿನ ಕೇರಿಯ ಇನ್ನಷ್ಟು ಹೆಂಗಸರು ಅವಳ ಜೊತೆ ಬಂದರು. ಪೇಟೆಯ ಕೆಲವರು ಆ ಬಾವಿ ಬಿಟ್ಟರು. ಬೇಸಿಗೆಯಲ್ಲಿ ಉಳಿದ ಬಾವಿಗಳ ತಳ ಕಂಡಾಗ ಅವರೂ ತಿರುಗಿ ಬಂದರು, ಮಾತಿಲ್ಲದೆ ಸರದಿ ಹಿಡಿದರು.

ಗುರುಬಾಯಿ ಆ ಬೇಸಿಗೆಯಲ್ಲಿ ವಯಸ್ಸಾಗಿ ತೀರಿಕೊಂಡಳು, ಬೇನೆಯಿಂದಲ್ಲ. ಕೊನೆಕೊನೆಗೆ ಅವಳು ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಕೊಳವೆಗೆ ಸೀಸ ಹೊಯ್ದ ಮೇಲೂ ನಳದಿಂದ ಸದ್ದು ಕೇಳುತ್ತದೆಂದು ಅವಳ ದೂರು. ಪುತಳಾಬಾಯಿ ಇಲ್ಲವೆನ್ನಲಿಲ್ಲ. ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಕಂಬದ ಪಕ್ಕ ಹಾದುಹೋಗುವಾಗ ತಾನೂ ನಡಿಗೆ ಚುರುಕು ಮಾಡುತ್ತಿದ್ದಳು.

ಅಂಜನಾಬಾಯಿ ಅವಳ ಜೊತೆ ಮಾತು ಬಿಟ್ಟಿದ್ದಳು. ತುಕಾರಾಮರು ಹೇಳಿಕೊಟ್ಟಂತೆ ಪುತಳಾಬಾಯಿ ನೀರು ಕುದಿಸಿ ಆರಿಸಿ, ದಿನಾ ಒಂದು ತಂಬಿಗೆ ಅವಳ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಮೊದಮೊದಲು ನೀರು ಅಂಗಳದಲ್ಲಿ ಚೆಲ್ಲಿರುತ್ತಿತ್ತು. ಆಮೇಲೆ ತಂಬಿಗೆ ಮುಟ್ಟದೆ ಹಾಗೆಯೇ ಇರುತ್ತಿತ್ತು. ಒಂದು ಸಂಜೆ ಅದು ಬರಿದಾಗಿ, ಬೂದಿ ಹಾಕಿ ತಿಕ್ಕಿ, ಬೋರಲು ಇಟ್ಟಿತ್ತು. ಆದರೂ ಮಾತು ಬರಲಿಲ್ಲ.

ಹೊಸ ಕೊಳವೆ ಬಂದದ್ದು ಐವತ್ತಾರರ ಕೊನೆಗೆ, ಕೇರಿಯ ಜನ ದಸರೆಗೆ ನಾಗಪುರಕ್ಕೆ ಹೋಗಿ ಹೊಸದಾಗಿ ಬೌದ್ಧ ಧರ್ಮ ತಗೊಂಡು ಬಂದ ಮೇಲೆ. ಈ ಸಲ ಗಟಾರದಿಂದ ದೂರ, ದಿನ್ನೆಯ ಇನ್ನೊಂದು ಮಗ್ಗುಲಿಂದ ತಂದರು. ಸೀಸ ಹೊಯ್ಯುವಾಗ ಕೊಳವೆ ಕೂಡುವ ಪ್ರತಿ ಕಡೆಯೂ ಪುತಳಾಬಾಯಿ ನಿಂತಳು. ಆಳುಗಳು ಬೇಸತ್ತರು, ಅವಳು ಕದಲಲಿಲ್ಲ. ಬೇವಿನ ಮರದ ಬಳಿಯ ಕಂಬ ಕಿತ್ತು ಹಾಕಿ, ಬೇರೆ ಕಡೆ ಹೊಸ ಕಂಬ ನಿಲ್ಲಿಸಿದರು.

ನೀರು ಬಂದ ದಿನ ಕೇರಿ ಪೂರ್ತಿ ನೆರೆಯಿತು. ನಳ ತಿರುವಿದರು. ಬೆಳ್ಳಗೆ ನೀರು ಬಂತು. ಯಾರೂ ಕೊಡ ಇಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರು ಕಲ್ಲಿನ ಮೇಲೆ ಬಿದ್ದು, ಹೊಸ ಮೋರಿಯಲ್ಲಿ ಹರಿದು ಹೋಗುತ್ತಲೇ ಇತ್ತು. ಒಂದು ಕೊಡ ನೀರಿಗಾಗಿ ವರ್ಷವಿಡೀ ಬಾವಿಯ ಕಟ್ಟೆಯಲ್ಲಿ ನಿಂತವರು, ಹರಿದು ಹೋಗುವ ನೀರನ್ನು ಸುಮ್ಮನೆ ನೋಡುತ್ತ ನಿಂತರು. ಪುತಳಾಬಾಯಿಗೂ ಕೈ ಮುಂದೆ ಬರಲಿಲ್ಲ.

ಅಂಜನಾಬಾಯಿ ಗುಂಪಿನ ಹಿಂದಿನಿಂದ ಬಂದಳು. ನಳದ ಮುಂದೆ ಕೂತು ಮೊದಲು ಆಲಿಸಿದಳು. ಆಮೇಲೆ ಬೊಗಸೆ ಒಡ್ಡಿ ಕುಡಿದಳು. ಬಾಯಿ ಒರೆಸಿಕೊಂಡು ಪುತಳಾಬಾಯಿಯ ಕಡೆ ತಿರುಗಿದಳು.

“ಸಪ್ಪಗದ ಅಕ್ಕಾ,” ಎಂದಳು. “ಒಳಗ ಯಾರೂ ಇಲ್ಲ.”

ಪುತಳಾಬಾಯಿ ತನ್ನ ಕೊಡ ತಂದು ನಳದ ಕೆಳಗೆ ಇಟ್ಟಳು.